ದಿನಾ ಸೋಯಾ ತಿನ್ಬೋದಾ? ನೀವು ಕೇಳಿದ್ರಿ, ನಾವು ಹೇಳ್ತೀವಿ

ಹೋದ ಸಲ ಪ್ರೋಟೀನ್ ಬಗ್ಗೆ ಉತ್ತರ ಬರೀವಾಗ "ಸೋಯಾನೂ ಆಗತ್ತೆ" ಅಂತ ಒಂದೇ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಅಂಕಣಕ್ಕೆ ಬಂದಿಲ್ಲ ನೋಡಿ! ಅರ್ಧ ಜನ ಭಯ ಬಿದ್ದು ಬರೆದಿದ್ದಾರೆ, ಇನ್ನರ್ಧ ಜನ "ಹಾಗಾದ್ರೆ ಮೂರು ಹೊತ್ತೂ ಅದನ್ನೇ ತಿಂತೀನಿ" ಅಂತ ಹೊರಟಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಸೋಯಾನೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನಿಮ್ಮ ಪತ್ರ ಹಾಗೇ ಬಂದಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾವು ಮನೇಲಿ ಎಲ್ಲರೂ ಸಸ್ಯಾಹಾರಿಗಳು. ಈಗ ಆರು ತಿಂಗಳಿಂದ ಹೆಚ್ಚುಕಮ್ಮಿ ದಿನಾ ಒಂದು ಹೊತ್ತು ಟೋಫು (ಸೋಯಾ ಹಾಲಿನ ಪನೀರ್) ಇಲ್ಲ ಸೋಯಾ ಚಂಕ್ಸ್ ಮಾಡ್ತಿದೀನಿ. ಒಬ್ಬರು ಒಳ್ಳೇದು ಅಂತಾರೆ, ಇನ್ನೊಬ್ಬರು ವಿಷ ಅಂತಾರೆ. ಯಾವುದನ್ನ ನಂಬೋದು?

ಅಡ್ಡಗೋಡೆ ಮೇಲೆ ದೀಪ ಇಡಲ್ಲ, ನೇರವಾಗೇ ಹೇಳ್ತೀನಿ. ಒಳ್ಳೇದು. ಅಲರ್ಜಿ ಇಲ್ಲದ, ಆರೋಗ್ಯವಾಗಿರೋ ದೊಡ್ಡವರು ದಿನಕ್ಕೆ ಒಂದೆರಡು ಸರ್ವಿಂಗ್ ಸೋಯಾ ತಿನ್ನೋದಕ್ಕೆ ಏನೂ ಹೆದರಬೇಕಾಗಿಲ್ಲ. ಒಂದು ಸರ್ವಿಂಗ್ ಅಂದ್ರೆ ಒಂದು ಲೋಟ ಸೋಯಾ ಹಾಲು, ಇಲ್ಲ ಸುಮಾರು 100 ಗ್ರಾಂ ಟೋಫು, ಇಲ್ಲ ಅರ್ಧ ಕಪ್ ಬೇಯಿಸಿದ ಕಾಳು.

ಯಾಕೆ ಒಳ್ಳೇದು ಅಂದ್ರೆ, ಒಣಗಿದ ಸೋಯಾ ಕಾಳಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪ್ರೋಟೀನೇ ಇರತ್ತೆ, ಬೇರೆ ಯಾವ ಕಾಳಲ್ಲೂ ಅಷ್ಟು ಸಿಗೋದು ಕಷ್ಟ. ಬರೀ ಪ್ರಮಾಣ ಅಲ್ಲ, ನಮ್ಮ ದೇಹ ತಾನೇ ತಯಾರಿಸಿಕೊಳ್ಳೋಕೆ ಆಗದೇ ಇರೋ ಒಂಬತ್ತೂ ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆಗಳು, ಅದರಲ್ಲಿದೆ, ಮೆಥಿಯೋನಿನ್ ಅನ್ನೋದು ಸ್ವಲ್ಪ ಕಡಿಮೆ ಅಷ್ಟೇ, ಅದು ಊಟದಲ್ಲಿರೋ ಅಕ್ಕಿ ಗೋಧಿಯಿಂದ ಸರಿಹೋಗತ್ತೆ. ಕೊಬ್ಬಿದೆ, ಆದ್ರೆ ಬಹುಪಾಲು ಹೃದಯಕ್ಕೆ ತೊಂದರೆ ಕೊಡದ ಜಾತಿಯ ಕೊಬ್ಬು. ನಾರೂ ಇದೆ. ಇಲ್ಲದೇ ಇರೋದು ಬಿ12 ವಿಟಮಿನ್, ಸಸ್ಯಾಹಾರಿಗಳು ಅದನ್ನ ಬೇರೆ ಕಡೆಯಿಂದ ನೋಡ್ಕೋಬೇಕು, ಸೋಯಾ ತಿಂದ್ರೆ ಎಲ್ಲಾ ಬಂತು ಅಂದ್ಕೋಬೇಡಿ.

ಆದ್ರೆ ಚಂಕ್ಸ್ ಬಗ್ಗೆ ಒಂದು ಮಾತು. ಅದು ಕಾಳು ಅಲ್ಲ, ಕಾಳಿಂದ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಟ್ಟನ್ನ ಬಿಸಿ ಮಾಡಿ ಒತ್ತಡದಲ್ಲಿ ಒತ್ತಿ ಉಬ್ಬಿಸಿರೋದು. ಕೆಟ್ಟದ್ದೇನಲ್ಲ, ಪ್ಯಾಕೆಟ್ ಮೇಲೆ 100 ಗ್ರಾಂಗೆ 50 ಗ್ರಾಂ ಪ್ರೋಟೀನ್ ಅಂತ ಇರೋದೂ ಸುಳ್ಳಲ್ಲ, ಆದ್ರೆ ಆ ಲೆಕ್ಕ ಒಣಗಿದ ಚಂಕ್ಸ್‌ದು. ಬಿಸಿನೀರಲ್ಲಿ ನೆನೆಸಿ ಹಿಂಡಿದ ಮೇಲೆ ತೂಕ ಎರಡರಷ್ಟೋ ಮೂರರಷ್ಟೋ ಆಗಿರತ್ತೆ, ಅದನ್ನ ತೂಗಿ "100 ಗ್ರಾಂ ತಿಂದೆ, 50 ಗ್ರಾಂ ಪ್ರೋಟೀನ್ ಆಯ್ತು" ಅಂತ ಬರ್ಕೊಳ್ಳೋರನ್ನ ಎಷ್ಟು ಜನ ನೋಡಿದೀನೋ! ಒಣಗಿದ್ದಾಗಲೇ ತೂಗಿ. ಮತ್ತೆ ವಾರದಲ್ಲಿ ಕೆಲವು ದಿನ ಕಾಳು, ಟೋಫು, ಕೆಲವು ದಿನ ಚಂಕ್ಸ್ ಅಂತ ಬದಲಾಯಿಸ್ತಾ ಇರಿ, ಬೇರೆ ಬೇಳೆಕಾಳುಗಳಿಗೂ ಜಾಗ ಬಿಡಿ.

ಪ್ರಶ್ನೆ: ಕೊಲೆಸ್ಟರಾಲ್ ಇಳಿಯತ್ತೆ ಅಂತ ಸೋಯಾ ಶುರು ಮಾಡಿದೆ. ಮೂರು ತಿಂಗಳಾದ್ರೂ ಅಂಥದ್ದೇನೂ ಇಳಿದಿಲ್ಲ. ಮೋಸಾನಾ ಇದು?

ಮೋಸ ಅಲ್ಲ, ನಿರೀಕ್ಷೆ ಜಾಸ್ತಿ ಆಯ್ತು. ಇದಕ್ಕೊಂದು ಕಥೆ ಇದೆ. 1995ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಸೋಯಾ ಪ್ರೋಟೀನ್ ಇಂದ ಕೆಟ್ಟ ಕೊಲೆಸ್ಟರಾಲ್ ಸುಮಾರು ಶೇ. 13 ಇಳಿಯತ್ತೆ ಅಂತ ಹೇಳ್ತು. 1999ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೇದು ಅಂತ ಪ್ಯಾಕೆಟ್ ಮೇಲೆ ಹಾಕ್ಕೊಳ್ಳೋಕೆ ಅನುಮತಿ ಕೊಟ್ಟುಬಿಡ್ತು, ಆಗ ಎದ್ದ ಗಾಳಿ ಇನ್ನೂ ನಿಂತಿಲ್ಲ. ಆಮೇಲಾಮೇಲೆ ಪ್ರಯೋಗಗಳು ಜಾಸ್ತಿ ಆದ ಹಾಗೆ ಆ 13 ಕರಗಿ ಕರಗಿ 3-4ಕ್ಕೆ ಬಂತು. 2017ರಲ್ಲಿ ಅದೇ ಎಫ್‌ಡಿಎ ಆ ಅನುಮತಿ ವಾಪಸ್ ತಗೋತೀವಿ ಅಂತ ಪ್ರಸ್ತಾವನೆ ಇಟ್ಟಿತು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅನ್ನಿಸಬಹುದು, ಆದ್ರೆ ಇಲಿ ಇರೋದಂತೂ ನಿಜ.

ನೀವು ನೋಡ್ಕೋಬೇಕಾದ್ದು ಬೇರೆ. ಸೋಯಾ ಯಾವುದರ ಜಾಗಕ್ಕೆ ಬಂತು? ಕೊಬ್ಬಿನ ಮಾಂಸ, ಬೆಣ್ಣೆ, ಕರಿದಿದ್ದು ಹೋಗಿ ಅಲ್ಲಿಗೆ ಟೋಫು ಬಂದಿದ್ರೆ ಲಾಭ. ಇದ್ದಿದ್ದೆಲ್ಲ ಹಾಗೇ ಇಟ್ಕೊಂಡು ಅದರ ಮೇಲೆ ಚಂಕ್ಸ್ ಅನ್ನ ಎಣ್ಣೇಲಿ ಕರಿದು ತಿಂದ್ರೆ ರಿಪೋರ್ಟ್ ಹೆಂಗೆ ಬದಲಾಗತ್ತೆ ಹೇಳಿ. ಡಾಕ್ಟರ್ ಮಾತ್ರೆ ಕೊಟ್ಟಿದ್ರೆ ಸೋಯಾ ನಂಬಿ ಅದನ್ನ ಮಾತ್ರ ಬಿಡಬೇಡಿ.

ಪ್ರಶ್ನೆ: ನನಗೆ 24, ಜಿಮ್‌ಗೆ ಹೋಗ್ತೀನಿ. ಸೋಯಾ ತಿಂದ್ರೆ ಗಂಡಸರಿಗೆ ಹೆಣ್ಣಿನ ಹಾರ್ಮೋನ್ ಜಾಸ್ತಿ ಆಗಿ ಎದೆ ಬೆಳೆಯತ್ತೆ, ಮಕ್ಕಳಾಗಲ್ಲ ಅಂತ ಫ್ರೆಂಡ್ಸ್ ಹೆದರಿಸ್ತಾರೆ. ನಿಜಾನಾ ಮೇಡಂ?

ಅತಿ ಹೆಚ್ಚು ಬಂದಿರೋ ಪ್ರಶ್ನೆ ಇದೇ, ಅದೂ ಬಹುಪಾಲು ಹೆಸರು ಬರೀದೇ ಕಳಿಸಿದ್ದು. ತಮ್ಮಾ, ಹೆದರಬೇಡ.

ಭಯ ಎಲ್ಲಿಂದ ಬಂತು ಅಂತ ಮೊದಲು ಹೇಳ್ತೀನಿ. ಸೋಯಾದಲ್ಲಿ ಐಸೋಫ್ಲೇವೋನ್ ಅನ್ನೋ ವಸ್ತುಗಳಿವೆ, ನೋಡೋಕೆ ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್ ಥರಾನೇ ಅವುಗಳ ರಚನೆ, ಅದಕ್ಕೇ ಅವನ್ನ ಫೈಟೋಈಸ್ಟ್ರೋಜನ್, ಅಂದ್ರೆ ಗಿಡದ ಈಸ್ಟ್ರೋಜನ್, ಅಂತ ಕರೀತಾರೆ. ಹೆಸರಲ್ಲಿ ಈಸ್ಟ್ರೋಜನ್ ಇದ್ದ ಮಾತ್ರಕ್ಕೆ ಈಸ್ಟ್ರೋಜನ್ ಆಗಲ್ಲ, ದೇಹದಲ್ಲಿ ಅದರ ಶಕ್ತಿ ತುಂಬಾ ಕಮ್ಮಿ. ಇನ್ನೊಂದು, 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳು ಗಬ್ಬ ಕಟ್ಟೋದೇ ನಿಂತುಹೋಯ್ತು, ಹುಡುಕಿದ್ರೆ ಅವು ಮೇಯ್ತಿದ್ದ ಕ್ಲೋವರ್ ಅನ್ನೋ ಹುಲ್ಲಲ್ಲಿ ಇದೇ ಜಾತಿಯ ವಸ್ತು ಸಿಕ್ತು. ಆದ್ರೆ ಕುರಿ ದಿನವಿಡೀ ಅದೊಂದನ್ನೇ ಮೇಯ್ದಿತ್ತು, ಅದರ ಹೊಟ್ಟೆ ಕೆಲಸ ಮಾಡೋ ರೀತಿನೇ ಬೇರೆ. ಇಲಿಗಳ ಪ್ರಯೋಗದ್ದೂ ಅದೇ ಕಥೆ, ಇಲಿ ಈ ವಸ್ತುಗಳನ್ನ ಅರಗಿಸೋ ರೀತಿಗೂ ನಾವು ಅರಗಿಸೋ ರೀತಿಗೂ ಅಜಗಜಾಂತರ.

ಮನುಷ್ಯರ ಮೇಲೆ ನೋಡಿದ್ರೆ? 2021ರಲ್ಲಿ 41 ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದ್ರು, ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರೋನ್ ಇಳಿದಿಲ್ಲ, ಈಸ್ಟ್ರೋಜನ್ ಏರಿಲ್ಲ, ಜಾಸ್ತಿ ತಿಂದ್ರೂ ಅಷ್ಟೇ ಜಾಸ್ತಿ ದಿನ ತಿಂದ್ರೂ ಅಷ್ಟೇ.

ಹಾಗಾದ್ರೆ ಎದೆ ಬೆಳೀತು ಅನ್ನೋ ಸುದ್ದಿ ಸುಳ್ಳಾ ಅಂದ್ರೆ, ಅದೂ ಪೂರ್ತಿ ಸುಳ್ಳಲ್ಲ. 2008ರಲ್ಲಿ ವೈದ್ಯರು 60 ವರ್ಷದ ಒಬ್ಬರ ಬಗ್ಗೆ ಬರೆದಿದ್ದಾರೆ, ಎದೆ ಊದಿಕೊಂಡು ನೋವು ಅಂತ ಬಂದಿದ್ರು. ವಿಚಾರಿಸಿದ್ರೆ ಆ ಮನುಷ್ಯ ದಿನಕ್ಕೆ ಹತ್ತಿರ ಹತ್ತಿರ 3 ಲೀಟರ್ ಸೋಯಾ ಹಾಲು ಕುಡೀತಿದ್ರಂತೆ! ನಿಲ್ಲಿಸಿದ ಮೇಲೆ ಸರಿಹೋಯ್ತು. ದಿನಕ್ಕೆ ಹನ್ನೆರಡು ಲೋಟ ಕುಡಿಯೋ ಪ್ಲಾನ್ ನಿನಗಿಲ್ಲ ಅಂದ್ಕೊಂಡಿದೀನಿ. ಒಂದು ಲೋಟ ಸೋಯಾ ಹಾಲಲ್ಲಿ ಐಸೋಫ್ಲೇವೋನ್ ಸುಮಾರು 25 ಮಿಲಿಗ್ರಾಂ, ತಲೆತಲಾಂತರದಿಂದ ಸೋಯಾ ತಿನ್ನೋ ಜಪಾನಿನವರಿಗೆ ದಿನಕ್ಕೆ ಹೋಗೋದು ಸಾಮಾನ್ಯವಾಗಿ 25ರಿಂದ 50. ಆ ಮಟ್ಟದಲ್ಲಿದ್ರೆ ಚಿಂತೆ ಬೇಡ. ಜಿಮ್‌ನವರು ಇನ್ನೊಂದು ಗಮನಿಸಿ, ಚಂಕ್ಸೂ ಸೋಯಾ, ಶೇಕೂ ಸೋಯಾ, ಬಾರೂ ಸೋಯಾ ಅಂತ ಎಲ್ಲಾ ಒಂದೇ ಕಡೆಯಿಂದ ತಗೋಬೇಡಿ. ಅದು ಹಾರ್ಮೋನ್ ಭಯಕ್ಕಲ್ಲ, ಊಟ ಅಂದ್ಮೇಲೆ ನಾಲ್ಕು ಥರ ಇರ್ಲಿ ಅಂತ.

ಪ್ರಶ್ನೆ: ನನಗೆ ಥೈರಾಯ್ಡ್ ಕಮ್ಮಿ, ಬೆಳಿಗ್ಗೆ ಮಾತ್ರೆ ತಗೋತೀನಿ. ಮಾತ್ರೆ ಆದ್ಮೇಲೆ ಒಂದು ಲೋಟ ಸೋಯಾ ಹಾಲು ಕುಡಿಯೋ ಅಭ್ಯಾಸ ಮಾಡ್ಕೊಂಡಿದೀನಿ. ಮೊನ್ನೆ ಟೆಸ್ಟಲ್ಲಿ, ಥೈರಾಯ್ಡ್ ಕಮ್ಮಿ ಆದಾಗ ಏರೋ ಹಾರ್ಮೋನ್ ಅಂತಾರಲ್ಲ, ಆ ಟಿಎಸ್‌ಎಚ್ ಏರಿದೆ. ಸೋಯಾ ಬಿಡಬೇಕಾ?

ಬಿಡಬೇಡಿ, ಟೈಮ್ ಬದಲಾಯಿಸಿ. ಸೋಯಾ ಥೈರಾಯ್ಡ್ ಗ್ರಂಥಿಯನ್ನ ಹಾಳು ಮಾಡತ್ತೆ ಅನ್ನೋದಕ್ಕೆ, ಅಯೋಡಿನ್ ಸರಿಯಾಗಿ ಸಿಗ್ತಾ ಇರೋರ ವಿಷಯದಲ್ಲಿ ಒಳ್ಳೆ ಆಧಾರ ಇಲ್ಲ. ಸಮಸ್ಯೆ ಇರೋದು ಹೊಟ್ಟೇಲಿ. ಥೈರಾಕ್ಸಿನ್ ಮಾತ್ರೆ ಮಹಾ ನಾಜೂಕು, ಖಾಲಿ ಹೊಟ್ಟೆ ಬೇಕು ಅದಕ್ಕೆ, ಜೊತೆಗೆ ಸೋಯಾ ಹೋದ್ರೆ ಮಾತ್ರೆ ಪೂರ್ತಿ ರಕ್ತಕ್ಕೆ ಸೇರಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಇದೇ ತರಲೆ ಮಾಡೋದು, ಕಾಫಿ ಕೂಡ. ನಿಮ್ಮ ಸೋಯಾ ಹಾಲಿಗೆ ಮೇಲಿಂದ ಕ್ಯಾಲ್ಸಿಯಂ ಸೇರಿಸಿದ್ರಂತೂ ಎರಡು ಕಡೆಯಿಂದ ಏಟು.

ಹಾಗಾಗಿ ಬೆಳಿಗ್ಗೆ ಎದ್ದು ಬರೀ ನೀರಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ, ಸೋಯಾ ಮಾತ್ರ ಮಧ್ಯಾಹ್ನಕ್ಕೋ ಸಂಜೆಗೋ ತಳ್ಳಿ, ನಾಲ್ಕು ಗಂಟೆ ಗ್ಯಾಪ್ ಇದ್ರೆ ಸಾಕು. ಡಾಕ್ಟರ್‌ಗೆ ಸೋಯಾ ವಿಷಯ ಹೇಳಿ, ಆರೆಂಟು ವಾರ ಆದ್ಮೇಲೆ ಮತ್ತೆ ಟೆಸ್ಟ್ ಮಾಡಿಸಿ. ಅವರಿಗೆ ಹೇಳದೇ ಹೋದ್ರೆ ಏನಾಗತ್ತೆ ಗೊತ್ತಾ, ಟಿಎಸ್‌ಎಚ್ ನೋಡಿ ಮಾತ್ರೆ ಡೋಸ್ ಏರಿಸ್ತಾರೆ, ನೀವು ಒಂದಿನ ಸೋಯಾ ಬಿಡ್ತೀರಿ, ಆಗ ಅದೇ ಡೋಸ್ ಜಾಸ್ತಿ ಆಗಿ ಎದೆ ಹೊಡ್ಕೊಳ್ಳೋಕೆ ಶುರು ಆಗತ್ತೆ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದಿದೆ. ಟೋಫು ಕೊಡಬಾರದು ಅಂತ ಎಲ್ಲರೂ ಹೇಳ್ತಿದ್ದಾರೆ.

ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳ್ತಿದ್ರು, ಈಸ್ಟ್ರೋಜನ್ ಭಯದಿಂದಲೇ. ಆಮೇಲೆ ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5,042 ಮಹಿಳೆಯರನ್ನ ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು, ಸೋಯಾ ಜಾಸ್ತಿ ತಿಂತಿದ್ದವರಲ್ಲಿ ಕಾಯಿಲೆ ಮರುಕಳಿಸಿದ್ದೂ ಸಾವೂ ಕಮ್ಮಿನೇ ಇತ್ತು. ಸೋಯಾನೇ ಕಾಪಾಡ್ತು ಅಂತ ಇದರಿಂದ ಸಾಬೀತಾಗಲ್ಲ, ಕೆಡುಕು ಮಾಡ್ತು ಅನ್ನೋ ವಾದ ಮಾತ್ರ ನಿಲ್ಲಲ್ಲ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ ಸೋಯಾ ಆಹಾರ ತಿನ್ಬೋದು ಅಂತಾನೇ ಹೇಳತ್ತೆ. ಊಟದಲ್ಲಿ ಟೋಫು, ಸೋಯಾ ಕಾಳು, ಸೋಯಾ ಹಾಲು ಕೊಡಿ. ಆದ್ರೆ ಐಸೋಫ್ಲೇವೋನ್ ಮಾತ್ರೆ, ಪುಡಿ ಅಂತ ಮಾರ್ತಾರಲ್ಲ, ಅದು ಬೇಡ, ಅಮ್ಮನ ಕ್ಯಾನ್ಸರ್ ಡಾಕ್ಟರನ್ನ ಕೇಳದೆ ಅದನ್ನ ಮುಟ್ಟಲೇಬೇಡಿ.

ಮುಟ್ಟು ನಿಲ್ಲೋ ವಯಸ್ಸಲ್ಲಿ ಮೈಯೆಲ್ಲ ಬಿಸಿಯಾಗಿ ಬೆವರೋದಕ್ಕೆ ಸೋಯಾ ಸಹಾಯ ಮಾಡತ್ತಾ ಅಂತ ಇಬ್ಬರು ಕೇಳಿದ್ದಾರೆ. ಕೆಲವರಿಗೆ ಸ್ವಲ್ಪ ಮಾಡತ್ತೆ, ಒಂದೆರಡು ವಾರದಲ್ಲಿ ಅಲ್ಲ, ತಿಂಗಳುಗಳೇ ಬೇಕು.

ಪ್ರಶ್ನೆ: ಎಂಟು ತಿಂಗಳ ಮಗುಗೆ ಹಸುವಿನ ಹಾಲು ಬದಲು ಸೋಯಾ ಹಾಲು ಕೊಡ್ಬೋದಾ?

ಬೇಡ. ಒಂದು ವರ್ಷದೊಳಗೆ ಎದೆಹಾಲು, ಇಲ್ಲಾಂದ್ರೆ ಡಾಕ್ಟರ್ ಹೇಳಿದ ಫಾರ್ಮುಲಾ. ಹಸುವಿನ ಹಾಲನ್ನೂ ಆ ವಯಸ್ಸಲ್ಲಿ ಕುಡಿಯೋಕೆ ಅಂತ ಕೊಡಬಾರದು, ಸೋಯಾ ಹಾಲೂ ಅಷ್ಟೇ. ಸೋಯಾ ಫಾರ್ಮುಲಾ ಅಂತ ಬೇರೇನೇ ಇದೆ, ಅದು ಮಕ್ಕಳ ಡಾಕ್ಟರ್ ಹೇಳಿದ್ರೆ ಮಾತ್ರ.

ಪ್ರಶ್ನೆ: ಮನೇಲೇ ಸೋಯಾ ಹಾಲು ಮಾಡಿದ್ರೆ ಹಸಿ ವಾಸನೆ, ಕುಡಿದ್ರೆ ಹೊಟ್ಟೆ ಉಬ್ಬರ. ಏನು ತಪ್ಪು ಮಾಡ್ತಿದೀನಿ?

ನಾನು ಮಾಡಿದ ತಪ್ಪೇ ನೀವೂ ಮಾಡ್ತಿರಬೇಕು. ಮೊದಲನೇ ಸಲ ರುಬ್ಬಿ ಸೋಸಿ ಒಲೆ ಮೇಲಿಟ್ಟೆ, ಐದು ನಿಮಿಷ ಆಗಿಲ್ಲ, ಬುಸ್ ಅಂತ ನೊರೆ ಪಾತ್ರೆ ಬಾಯಿವರೆಗೂ ಬಂತು, ಉಕ್ಕಿತು ಅಂತ ಗಡಬಡಿಸಿ ಆಫ್ ಮಾಡಿ ಕುಡಿದೆ. ಆ ದಿನ ಪೂರ್ತಿ ಹೊಟ್ಟೆ ಗುಡುಗುಡು. ಆಮೇಲೆ ಗೊತ್ತಾಯ್ತು ಅದು ಕುದಿ ಅಲ್ಲ, ಸುಳ್ಳು ಕುದಿ. ಕಾಳಲ್ಲಿ ಸೋಪಿನ ಥರ ನೊರೆ ಬರಿಸೋ ಸಪೋನಿನ್ ಇರತ್ತೆ, ಅದು ಕುದಿಯೋಕೆ ಮುಂಚೆನೇ ಉಬ್ಬುತ್ತೆ. ಒಳಗೆ ಹಾಲು ಇನ್ನೂ ಬೆಂದೇ ಇರಲ್ಲ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗೋದನ್ನೇ ತಡೆಯೋ ಟ್ರಿಪ್ಸಿನ್ ಇನ್‌ಹಿಬಿಟರ್ ಅನ್ನೋ ವಸ್ತು ಇದೆ, ಅದು ಅಡಗಬೇಕಾದ್ರೆ ಸರಿಯಾಗಿ ಬೇಯಲೇಬೇಕು. ನೊರೆ ಬಂದಾಗ ಉರಿ ಸಣ್ಣ ಮಾಡಿ, ಸೌಟಲ್ಲಿ ತಿರುವ್ತಾ ನೊರೆ ಇಳಿಸಿ, ಆಮೇಲೆ ನಿಜವಾಗಿ ಕುದಿ ಬಂದ ಮೇಲೂ ಹತ್ತು ಹದಿನೈದು ನಿಮಿಷ ಬಿಡಿ. ತಳ ಹಿಡಿಯತ್ತೆ, ಅಲ್ಲೇ ನಿಂತಿರಿ.

ನೆನೆಸೋದು ರಾತ್ರಿ ಪೂರ್ತಿ. ನೆನೆದಿದೆಯಾ ಅಂತ ನೋಡೋಕೆ ಒಂದು ಕಾಳನ್ನ ಉಗುರಲ್ಲಿ ಎರಡು ಹೋಳು ಮಾಡಿ, ಒಳಗಡೆ ಸಮತಟ್ಟಾಗಿದ್ರೆ ಆಯ್ತು, ಮಧ್ಯ ಗುಂಡಿ ಬಿದ್ದ ಹಾಗಿದ್ರೆ ಇನ್ನೂ ಬೇಕು. ಆ ನೀರು ಚೆಲ್ಲಿಬಿಡಿ, ಹೊಟ್ಟೆ ಉಬ್ಬರಿಸೋ ಸಕ್ಕರೆಗಳು ಸ್ವಲ್ಪ ಅದರ ಜೊತೆ ಹೋಗ್ತವೆ. ಇನ್ನು ವಾಸನೆ ಬರೋದು ಕಾಳು ಒಡೆದು ನೀರು ಸೇರಿದ ಕ್ಷಣ ಒಂದು ಕಿಣ್ವ ಕೆಲಸ ಶುರು ಮಾಡೋದ್ರಿಂದ, ಹಾಗಾಗಿ ತಣ್ಣೀರಿನ ಬದಲು ಕುದಿಯೋ ನೀರು ಹಾಕಿ ರುಬ್ಬಿದ್ರೆ ಅರ್ಧಕ್ಕರ್ಧ ಹೋಗತ್ತೆ. ಮಿಕ್ಸಿ ಜಾರ್ ಪ್ಲಾಸ್ಟಿಕ್ ಆಗಿದ್ರೆ ಬೇಡ, ಸ್ಟೀಲ್ ಜಾರಲ್ಲಿ ಸ್ವಲ್ಪ ಸ್ವಲ್ಪನೇ ಹಾಕಿ, ಮುಚ್ಚಳ ಬಟ್ಟೆಯಿಂದ ಒತ್ತಿ ಹಿಡ್ಕೊಳ್ಳಿ.

ಪ್ರಶ್ನೆ: ಸೋಯಾ ಸಾಸ್ ದಿನಾ ಹಾಕ್ಕೋತೀನಿ, ಅದೂ ಲೆಕ್ಕಕ್ಕೆ ಬರತ್ತಾ?

ಬರತ್ತೆ, ಉಪ್ಪಿನ ಲೆಕ್ಕಕ್ಕೆ. ಒಂದು ಟೇಬಲ್ ಸ್ಪೂನ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರತ್ತೆ, ಬಿಪಿ ಇದ್ರೆ ಬಾಟಲಿ ಸ್ವಲ್ಪ ದೂರಾನೇ ಇಡಿ.