ಸಕಲೇಶಪುರದಾಚೆಗೆ 17 ಇಂಚಿನ ಅಲಾಯ್ ಯಾಕೆ?

ಮಳೆಗಾಲ ಹತ್ತಿರ ಬಂತು ಅಂದ್ರೆ ಒಂದೇ ಪ್ರಶ್ನೆ ಬರುತ್ತಾ ಇರುತ್ತದೆ: "ನನ್ನ ಗಾಡಿಗೆ ಎಷ್ಟು ದೊಡ್ಡ ಟೈರ್ ಹಿಡಿಸುತ್ತದೆ?" ಅದು ಹರಿದ್ರೆ ಹೋದ ಊರಲ್ಲಿ ಇನ್ನೊಂದು ಸಿಗುತ್ತದಾ ಎಂದು ಯಾರೂ ಕೇಳುವುದಿಲ್ಲ. ಟೈರ್ ಮೇಲಿನ ನಂಬರ್ ಓದುವುದು ಹೇಗೆ ಎಂದು ಇಲ್ಲಿ ಹೇಳಿಕೊಡುತ್ತಾ ಕೂರುವುದಿಲ್ಲ. ನೇರ ಪ್ರಶ್ನೆಗೇ ಹೋಗೋಣ.

ಪ್ರಶ್ನೆ: ಮಾರುತಿ ಜಿಮ್ನಿ ಇದೆ, ಕಂಪನಿಯ 195/80 ಆರ್15 ಟೈರ್. ತಿಂಗಳಿಗೊಮ್ಮೆ ಸಕಲೇಶಪುರ ದಾಟಿ ಬಿಸಿಲೆ ಕಡೆ ತೋಟಕ್ಕೆ ಹೋಗುತ್ತೇವೆ. ಕೊನೆಯ ಐದಾರು ಕಿ.ಮೀ. ಬರೀ ಕಲ್ಲು, ಕೊರಕಲು. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ 17 ಇಂಚಿನ ಅಲಾಯ್ ಹಾಕಿಸಿ ಅಂದರು. ಇನ್ನೊಂದರಲ್ಲಿ 235/75 ಆರ್15 ಮಡ್ ಟೈರ್ ಅಂದರು. ಯಾವುದು ಸರಿ? – ಓದುಗರು, ರಾಜಾಜಿನಗರ

ಎರಡೂ ಬೇಡ ಸರ್.

ಮೊದಲು ಅಲಾಯ್, ಅಂದ್ರೆ ಮಿಶ್ರಲೋಹದ ರಿಮ್. ನಿಮ್ಮ ಈಗಿನ ಟೈರ್‌ನ ಪಕ್ಕದ ಗೋಡೆ 156 ಮಿ.ಮೀ. ಎತ್ತರ ಇದೆ. ಚಕ್ರದ ಒಟ್ಟು ಎತ್ತರ ಹಾಗೇ ಇಟ್ಟು ರಿಮ್ 17 ಇಂಚು ಮಾಡಿದ್ರೆ ಆ ಗೋಡೆ 130ಕ್ಕೆ ಇಳಿಯುತ್ತದೆ. ಕಲ್ಲಿನ ಏಟು ತಡೆಯುವುದು ಆ ಗೋಡೆಯೊಳಗಿನ ಗಾಳಿ. ಅದನ್ನೇ ಕಡಿಮೆ ಮಾಡಿ, ಹೊಳೆಯುವ ಲೋಹವನ್ನು ಕಲ್ಲಿನ ಹತ್ತಿರಕ್ಕೆ ತರಲು ನೀವು ದುಡ್ಡು ಕೊಡುತ್ತೀರಿ. ಗ್ರೌಂಡ್ ಕ್ಲಿಯರೆನ್ಸ್ ಒಂದು ಮಿ.ಮೀ. ಕೂಡ ಏರುವುದಿಲ್ಲ.

ಏಟು ಬಿದ್ದ ಮೇಲಿನ ಕಥೆ ಬೇರೆ. ಕಬ್ಬಿಣದ ಡಿಸ್ಕ್ (ರಿಮ್) ಆದ್ರೆ ಅಂಚು ಮಡಚಿಕೊಳ್ಳುತ್ತದೆ. ಮಲೆನಾಡಿನ ಪಂಕ್ಚರ್ ಅಂಗಡಿಯವರು ಏನು ಮಾಡುತ್ತಾರೆ ನೋಡಿದ್ದೀರಾ? ಡಿಸ್ಕನ್ನು ನೆಲಕ್ಕೆ ಮಲಗಿಸಿ, ಒಂದು ಕಾಲಲ್ಲಿ ಒತ್ತಿ ಹಿಡಿದು, ಮಡಚಿದ ಅಂಚಿಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಹಾಕುತ್ತಾರೆ. ಟೈರ್ ಕೂರಿಸಿ, ಗಾಳಿ ತುಂಬಿ, ಸುತ್ತ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಬರಲಿಲ್ಲ ಅಂದ್ರೆ ಮನೆ ತಲುಪುತ್ತೀರಿ. ಅಲಾಯ್ ಹಾಗೆ ಮಡಚುವುದು ಕಡಿಮೆ, ಜೋರಾಗಿ ಬಿದ್ರೆ ಸೀಳುತ್ತದೆ. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿ "ಹೊಸದರ ಹಾಗಾಯ್ತು" ಅನ್ನುವವರು ಬೆಂಗಳೂರಲ್ಲೂ ಇದ್ದಾರೆ. ಅಂಥ ಚಕ್ರ ಇರುವ ಗಾಡಿಯಲ್ಲಿ ನಾನಂತೂ ಘಾಟಿ ಇಳಿಯುವುದಿಲ್ಲ. ನಿಮ್ಮದು ಜಿಮ್ನಿಯ ಮೇಲಿನ ಮಾಡೆಲ್ ಆಲ್ಫಾ ಆಗಿದ್ರೆ ಕಂಪನಿ ಅಲಾಯ್ ಮನೆಯಲ್ಲಿಡಿ. ಕೆಳಗಿನ ಮಾಡೆಲ್ ಝೀಟಾಗೆ ಬರುವ 15 ಇಂಚಿನ ಕಬ್ಬಿಣದ ಡಿಸ್ಕ್ ಹಾಕಿಸಿ. ಸ್ನೇಹಿತರು ನಗಬಹುದು, ನಗಲಿ.

ಈಗ 235/75. ಚಕ್ರ 693ರಿಂದ ಸುಮಾರು 733 ಮಿ.ಮೀ. ಆಗುತ್ತದೆ. ನಲವತ್ತು ಮಿ.ಮೀ. ಅಂತ ಅಂಗಡಿಯವರು ಕುಣಿಯುತ್ತಾರೆ. ಗಾಡಿ ಏರುವುದು ಅದರ ಅರ್ಧ, ಇಪ್ಪತ್ತೇ. ಅದಕ್ಕೆ ಕೊಡುವ ಬೆಲೆ ಕೇಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜುತ್ತದೆ, ಆಮೇಲೆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಮಾರುತ್ತಾರೆ. ಕಂಪನಿ ರಿಮ್ 5.5 ಇಂಚು ಅಗಲ, 235ಕ್ಕೆ ಕನಿಷ್ಠ 6 ಬೇಕು. ಹಿಂಬಾಗಿಲಿಗೆ ನೇತಾಡುವ ಸ್ಟೆಪ್ನಿಯ ಭಾರವೂ ಏರುತ್ತದೆ, ಬಾಗಿಲ ಹಿಂಜ್ ನಿಮ್ಮದೇ. 1.5 ಲೀಟರ್ ಪೆಟ್ರೋಲ್ ಇಂಜಿನ್, 134 ನ್ಯೂಟನ್ ಮೀಟರ್ ಟಾರ್ಕ್. ಚಕ್ರ ದೊಡ್ಡದಾಗಿ ಗೇರಿಂಗ್ ಸುಮಾರು ಶೇ. 6 ಉದ್ದ ಆದ್ರೆ, ಅಂದ್ರೆ ಒಂದು ಸುತ್ತಿಗೆ ಗಾಡಿ ಅಷ್ಟು ಜಾಸ್ತಿ ದೂರ ಓಡಿದ್ರೆ, ಮೂರನೇ ಗೇರಲ್ಲಿ ಹತ್ತುತ್ತಿದ್ದ ಏರಿಗೆ ಎರಡು ಬೇಕಾಗುತ್ತದೆ. ಮೊದಲು ಮೀಟರ್‌ನಲ್ಲಿ ಯಾವ ಅಂಕಿಗೆ ನಿಜಕ್ಕೂ 100 ಓಡುತ್ತಿದ್ದಿರೋ, ಅದೇ ಅಂಕಿಗೆ ಈಗ 106 ಓಡುತ್ತೀರಿ.

ಹಾಗಾದ್ರೆ ಏನು ಹಾಕಿಸಬೇಕು? ಕಂಪನಿ ಸೈಜಲ್ಲೇ ಎಟಿ, ಅಂದ್ರೆ ಟಾರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್. ನನ್ನ ಮೊದಲ ಉತ್ತರ ಇದೇ. ಆದ್ರೆ ಒಂದು ಮಾತು ಒಪ್ಪಲೇಬೇಕು, 195/80 ಆರ್15 ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗುವ ಸೈಜ್ ಅಲ್ಲ. 215/75 ಆರ್15 ಆದ್ರೆ ಬೊಲೆರೊ ಸೈಜ್. ಮಲೆನಾಡಲ್ಲಿ ಬೊಲೆರೊ ಇಲ್ಲದ ಊರು ತೋರಿಸಿ ನೋಡೋಣ. 703 ಮಿ.ಮೀ. ಎತ್ತರ, ಕಂಪನಿ ಟೈರ್‌ಗಿಂತ ಹತ್ತೇ ಮಿ.ಮೀ. ಜಾಸ್ತಿ. ನಿಮ್ಮ ರಿಮ್‌ಗೆ ಕೂರುತ್ತದೆ, ಲಿಫ್ಟ್ ಬೇಡ. ತೋಟದ ದಾರಿಗೆ ಇದು ಜಾಣ ಆಯ್ಕೆ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತದೆ ಎನ್ನುವ ಅಂಕಿ) ಮಾತ್ರ ಕಂಪನಿಯ 96ಕ್ಕಿಂತ ಕಡಿಮೆ ಇರಬಾರದು. ಸ್ಟೆಪ್ನಿ ಸೇರಿ ಐದೂ ಒಟ್ಟಿಗೆ ಬದಲಾಯಿಸಿ.

ಎಚ್ಚರಿಕೆ ಒಂದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೈಜ್ ಬದಲಾಯಿಸುವ ಮುಂಚೆ ಸರ್ವಿಸ್ ಸೆಂಟರ್‌ನವರನ್ನೂ ಇನ್ಶೂರೆನ್ಸ್‌ನವರನ್ನೂ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ಟೈರ್ ಮಾರಿದವರು ಕ್ಲೇಮ್ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಮಡ್ ಟೈರ್ ಜೇಡಿ ಮಣ್ಣಲ್ಲಿ ನಿಜವಾಗಿಯೂ ಚೆನ್ನಾಗಿರುತ್ತದೆ. ಆದ್ರೆ ನಿಮಗೆ ಮಣ್ಣು ಇರುವುದು ಐದಾರು ಕಿ.ಮೀ., ಅದಕ್ಕೂ ಮುಂಚೆ ಇನ್ನೂರಕ್ಕೂ ಜಾಸ್ತಿ ಕಿ.ಮೀ. ಟಾರು ರಸ್ತೆ. ಒದ್ದೆ ಟಾರಿನ ಮೇಲೆ ಅದರ ಬ್ರೇಕ್ ಹಿಡಿತ ಕಡಿಮೆ. ಹಾಸನ ಹೈವೇಯಲ್ಲಿ ಮಳೆ ಹೊಡೆಯುವಾಗ ಮುಂದಿನ ಲಾರಿ ಗಕ್ಕನೆ ನಿಂತ್ರೆ ಗೊತ್ತಾಗುತ್ತದೆ.

ದುಡ್ಡು ಉಳಿದಿದ್ರೆ ಒಳ್ಳೆ ಕಂಪ್ರೆಸರ್, ಪ್ರೆಶರ್ ಗೇಜ್ ತಗೊಳ್ಳಿ. ತೋಟದ ಗೇಟ್ ಹತ್ತಿರ ಗಾಳಿ 18 ಪಿಎಸ್‌ಐಗೆ ಇಳಿಸಿ, ಗಂಟೆಗೆ 30 ಕಿ.ಮೀ. ಒಳಗೆ ಓಡಿಸಿ. ಟೈರ್ ನೆಲಕ್ಕೆ ಉದ್ದಕ್ಕೆ ಅಂಟುತ್ತದೆ, ಜಾರುತ್ತಿದ್ದ ಏರು ಸಲೀಸಾಗಿ ಹತ್ತುತ್ತದೆ. ಟಾರಿಗೆ ಬರುವ ಮುಂಚೆ ಬಾಗಿಲ ಸ್ಟಿಕರ್‌ನಲ್ಲಿ ಇರುವಷ್ಟು ಮತ್ತೆ ತುಂಬಿ. ಮರೆತು ಹಾಗೇ 80ರಲ್ಲಿ ಹೋದ್ರೆ ಟೈರ್ ಒಳಗಿಂದ ಬೆಂದು ಹೋಗುತ್ತದೆ.

ಪ್ರಶ್ನೆ: ಥಾರ್‌ಗೆ 16 ಇಂಚಾ, 18 ಇಂಚಾ? – ಯಲಹಂಕ

ಮೂರು ಬಾಗಿಲಿನದಾ? 245/75 ಆರ್16. ಗೋಡೆ 184 ಮಿ.ಮೀ., 18 ಇಂಚಿನ 255/65ರಲ್ಲಿ 166. ಚಕ್ರದ ಎತ್ತರದಲ್ಲಿ ಇರುವ ವ್ಯತ್ಯಾಸ ಹದಿನೈದು ಮಿ.ಮೀ. ಅಷ್ಟೇ. 16 ಇಂಚಿನ ಚಕ್ರದ ಡಿಸ್ಕ್ ಹಾಕಿದ ಮೇಲೆ ಒಳಗಿನ ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದಾ ಎಂದು ಕೈಯಲ್ಲೇ ತಿರುಗಿಸಿ ನೋಡಿ.

ಪ್ರಶ್ನೆ: ಲುಕ್‌ಗೋಸ್ಕರ ವೀಲ್ ಸ್ಪೇಸರ್ (ಚಕ್ರ ಹೊರಕ್ಕೆ ಚಾಚಲು ಹಾಕುವ ಲೋಹದ ಬಿಲ್ಲೆ) ಹಾಕಿಸಬಹುದಾ? – ಎಚ್‌ಎಸ್‌ಆರ್ ಲೇಔಟ್

ಬೇಡ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದ್ರೆ ಪಂಕ್ಚರ್ ಆಗಲ್ಲವಂತೆ? – ಹೆಬ್ಬಾಳ

ಮೊಳೆಗೆ ಯಾವ ಗಾಳಿ ಅಂತ ಗೊತ್ತಾಗುತ್ತದಾ? ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ಪ್ರಶ್ನೆ: ನಾಲ್ಕು ಟೈರ್ ದೊಡ್ಡದು ಹಾಕಿಸಿದ್ದೇನೆ, ಸ್ಟೆಪ್ನಿ ಹಳೆ ಸೈಜೇ ಇದೆ. ತೊಂದರೆ ಇಲ್ಲ ಅಲ್ವಾ? – ಜಯನಗರ

ಇದೆ. ಆ ಸ್ಟೆಪ್ನಿ ಹಾಕಿಕೊಂಡು 4x4 ಎಂಗೇಜ್ ಮಾಡಿದ್ರೆ ಒಂದು ಚಕ್ರ ಬೇರೆ ವೇಗದಲ್ಲಿ ತಿರುಗುತ್ತದೆ. ಆ ಒತ್ತಡವೆಲ್ಲಾ ಆಕ್ಸಲ್ ಮೇಲೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ. ಸ್ಟೆಪ್ನಿ ಬೇಕಾಗುವುದೇ ಕಾಡಿನ ಮಧ್ಯೆ, 4x4 ಬೇಕಾಗುವುದೂ ಅಲ್ಲೇ. ಐದನೆಯದನ್ನೂ ಕೊಳ್ಳಿ.

ಪ್ರಶ್ನೆ: ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಮೇಲೆ ಹೋದ ಹಾಗೆ ಟೈರ್ ಊದಿಕೊಂಡು ಒಡೆಯುತ್ತದೆ ಎಂದು ಒಂದು ರೀಲ್ ನೋಡಿದೆ. – ಕೆಂಗೇರಿ

ರೀಲ್ ನೋಡುವುದು ಬಿಡಿ. ಸ್ಪಿತಿಯ ಕಾಜಾ ಊರಿನ ಎತ್ತರಕ್ಕೆ ಹೋದಾಗ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಗೇಜ್ ನಾಲ್ಕು ಪಿಎಸ್‌ಐ ಹತ್ತಿರ ಜಾಸ್ತಿ ತೋರಿಸಬಹುದು. ಅಲ್ಲಿನ ಚಳಿ ಅದರಲ್ಲಿ ಬಹುಪಾಲನ್ನು ವಾಪಸ್ ಇಳಿಸುತ್ತದೆ. ಬೆಳಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ಗೇಜ್ ಹಿಡಿದು ನೋಡಿ, ಸ್ಟಿಕರ್‌ಗೆ ಸರಿ ಮಾಡಿಕೊಳ್ಳಿ. ಹೊರಡುವ ಮುಂಚೆ ಟೈರ್ ಪಕ್ಕದಲ್ಲಿ ಡಾಟ್ (DOT) ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ. 2318 ಅಂತಿದ್ರೆ 2018ರ 23ನೇ ವಾರದ ಟೈರ್. ಟೈರ್ ಮೇಲಿನ ಕಟ್ಟೆ (ಟ್ರೆಡ್) ಎಷ್ಟೇ ಉಳಿದಿರಲಿ, ಅದನ್ನು ಹಾಕಿಕೊಂಡು ಸ್ಪಿತಿಗೆ ಹೋಗಬೇಡಿ. ಸ್ಟೆಪ್ನಿಯದ್ದನ್ನೂ ಓದಿ.