ರಬ್ಬರ್ ಕೇಳುವುದನ್ನು ಬಿಟ್ಟ ಹುಡುಗ

ಓಣಂಗೆ ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನ. ಕಾಸರಗೋಡಿನ ಶಾಲೆಗಳಿಗೆ ಈ ಎರಡು ರಜೆ ಸಿಕ್ಕಿದಾಗಲೆಲ್ಲ ಮಕ್ಕಳ ಆಪ್ತಸಮಾಲೋಚನೆ ನಡೆಸುವ ನನ್ನ ಕೋಣೆಗೆ ಒಂದೇ ಬಗೆಯ ದೂರು ಬರುತ್ತದೆ. "ಮಗನಿಗೆ ಕೊಡುವ ಬುದ್ಧಿಯೇ ಇಲ್ಲ." "ಮಗಳಿಗೆ ಎಲ್ಲವೂ ತನಗೇ ಬೇಕು." ರಜೆಯಲ್ಲಾದರೂ ಮಕ್ಕಳು ನಾಲ್ಕು ಜನರಿಗೆ ಸಹಾಯ ಮಾಡಲು ಕಲಿಯಲಿ ಅನ್ನುವ ಆಸೆ ಈಗೀಗ ಜಾಸ್ತಿಯಾಗಿದೆ. ಒಳ್ಳೆಯ ಆಸೆಯೇ. ಆದರೆ ಕಲಿಸುವ ರೀತಿ ನೋಡಿದರೆ ಕೆಲವೊಮ್ಮೆ ಸಂಕಟವಾಗುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ, ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹುಡುಗ ಆರನೇ ಕ್ಲಾಸು, ಕನ್ನಡ ಮಾಧ್ಯಮ. ಬದಿಯಡ್ಕದಿಂದ ಆಚೆಯ ಊರು. ಅಪ್ಪ ಗಲ್ಫಿನಲ್ಲಿ. ಮನೆಯಲ್ಲಿ ಅಮ್ಮ, ಅಜ್ಜಿ, ಸ್ವಲ್ಪ ಅಡಿಕೆ ತೋಟ. ಅಪ್ಪ ಸಣ್ಣವರಿದ್ದಾಗ ಬೇರೆ ಮನೆಯ ಮಕ್ಕಳ ಹಳೆ ಅಂಗಿ ಹಾಕಿಕೊಂಡು ಶಾಲೆಗೆ ಹೋದವರು. ಕೈಯಲ್ಲಿ ನಾಲ್ಕು ಕಾಸು ಆದ ಮೇಲೆ ಪ್ರತಿ ರಜೆಗೂ ಊರಿನ ಕೆಲವು ಮನೆಗಳಿಗೆ ಅಕ್ಕಿ, ಬೆಲ್ಲ, ಬಟ್ಟೆ ಕೊಡಿಸುತ್ತಾರೆ. ಕೊಡುವುದು ಮಗನ ಕೈಯಿಂದ. ಅಭ್ಯಾಸ ಆಗಲಿ ಅಂತ.

ಈ ಓಣಂಗೆ ಜನ ಬರುವ ಹೊತ್ತಿಗೆ ಹುಡುಗ ಅಟ್ಟ ಹತ್ತಿ ಅಡಿಕೆ ಗೋಣಿಗಳ ಹಿಂದೆ ಕೂತ. ಎಳೆದು ತಂದರೆ ಒಂದು ಚೀಲವನ್ನು ಅಂಗಳಕ್ಕೆ ಎಸೆದ. ಅಕ್ಕಿಯೆಲ್ಲ ಚೆಲ್ಲಿತು. ಅಜ್ಜಿ ಅತ್ತರು. ತಾಯಿ ಮರುದಿನವೇ ಅವನನ್ನು ಕರೆದುಕೊಂಡು ಬಂದರು.

ಮೊದಲ ಸಲ ಅವನು ಬಾಯಿ ಬಿಡಲಿಲ್ಲ. ಎರಡನೇ ಸಲ ತಾಯಿಯನ್ನು ಹೊರಗೆ ಕೂರಿಸಿದೆ. ಚೀಲ ಯಾಕೆ ಎಸೆದೆ ಅಂತ ಕೇಳಲೇ ಇಲ್ಲ. ಆ ಪ್ರಶ್ನೆ ಅವನು ಅಷ್ಟು ಹೊತ್ತಿಗೆ ಹತ್ತು ಜನರಿಂದ ಕೇಳಿಸಿಕೊಂಡಿದ್ದ. "ಹಂಚುವಾಗ ಯಾರೆಲ್ಲ ಬರ್ತಾರೆ?" ಅಂದೆ. ನೀರಿನ ಬಾಟಲಿಯ ಲೇಬಲ್ ಕೀಳುತ್ತಾ ಕೂತಿದ್ದ. ಅಲ್ಲಿಂದಲೇ ಶುರು ಮಾಡಿದ.

"ಕಳೆದ ಕ್ರಿಸ್ಮಸ್ ರಜೆಯಲ್ಲಿ ಅವನು ಬಂದಿದ್ದ."

"ಯಾರು?"

"ನನ್ನ ಬೆಂಚಿನವನು. ಅವನ ಅಮ್ಮನ ಜೊತೆ. ಸಾಲಿನಲ್ಲಿ ನಾಲ್ಕನೆಯವನು."

ಲೇಬಲ್ ಅರ್ಧ ಕಿತ್ತು ಬಂತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ.

"ಅವನು ನನ್ನ ಮುಖ ನೋಡಲಿಲ್ಲ. ಚೀಲ ನೋಡಿದ. ನಾನೂ ಚೀಲವನ್ನೇ ನೋಡಿದೆ. ಆಗ ಅಮ್ಮ 'ಇಲ್ಲಿ ನೋಡಿ' ಅಂದ್ರು. ಇಬ್ಬರೂ ಮೊಬೈಲ್ ನೋಡಿದೆವು."

"ಆಮೇಲೆ?"

"ಆಮೇಲೆ ಏನಿಲ್ಲ. ಶಾಲೆ ಶುರುವಾಯ್ತು. ಮೊದಲು ಅವನು ದಿನಾ ನನ್ನ ರಬ್ಬರ್ ಕೇಳ್ತಿದ್ದ. ಈಗ ಕೇಳುವುದಿಲ್ಲ. ಹಿಂದೆ ತಿರುಗಿ ಬೇರೆಯವನ ಹತ್ತಿರ ಕೇಳ್ತಾನೆ. ನಾನು ರಬ್ಬರ್ ಅವನ ಕೈಗೆ ಸಿಗುವ ಹಾಗೆ ಮಧ್ಯದಲ್ಲೇ ಇಡ್ತೇನೆ. ಆದ್ರೂ ಮುಟ್ಟುವುದಿಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಕೂಡಲೇ ಮಾತು ಸಿಗದೆ ಹೋದದ್ದು ಕಡಿಮೆ. ಅವತ್ತು ಸಿಗಲಿಲ್ಲ. ಎಂಟು ತಿಂಗಳಿಂದ ಆ ಮಗು ಬೆಂಚಿನ ಮಧ್ಯೆ ರಬ್ಬರ್ ಇಟ್ಟು ಕಾಯುತ್ತಿತ್ತು. ಮನೆಯಲ್ಲಿ ಅವನಿಗೆ ಸ್ವಾರ್ಥಿ ಅನ್ನುವ ಹೆಸರು.

ತಾಯಿಯನ್ನು ಒಳಗೆ ಕರೆದು ಮೂರು ಮಾತು ಹೇಳಿದೆ. ಹಂಚುವುದನ್ನು ಬಿಡಬೇಡಿ, ಆದರೆ ಜನರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಕೊಡಬೇಕಾದ್ದನ್ನು ಅಜ್ಜಿ ಮುಸ್ಸಂಜೆಗೆ ಆಯಾ ಮನೆಗೆ ಮುಟ್ಟಿಸಿ ಬರಲಿ. ಫೋಟೋ ಬೇಡವೇ ಬೇಡ. ಮೂರನೆಯದು ಕೇಳಿ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹುಡುಗ ಆ ಗೆಳೆಯನ ಹತ್ತಿರ ಏನಾದರೂ ಸಹಾಯ ಕೇಳಲಿ ಅಂದೆ.

"ಕೇಳುವುದಾ? ಕೊಡಲು ಕಲಿಸಿ ಅಂತ ಅಲ್ವಾ ನಾವು ಬಂದದ್ದು?"

ನಾನು ಬೆಳೆದದ್ದು ಪೆರ್ಲದ ಹತ್ತಿರ. ಅಲ್ಲಿ ಸಹಾಯ ಅನ್ನುವ ಮಾತನ್ನು ನಾವು ಬಳಸಿದ್ದೇ ಕಡಿಮೆ. ಮುಯ್ಯಾಳು ಅನ್ನುತ್ತಿದ್ದೆವು. ಇವತ್ತು ನಿಮ್ಮ ಗದ್ದೆಗೆ ನಮ್ಮವರು, ನಾಳೆ ನಮ್ಮ ಗದ್ದೆಗೆ ನಿಮ್ಮವರು. ಡಿಸೆಂಬರಿನಲ್ಲಿ ಅಡಿಕೆ ಅಂಗಳದಲ್ಲಿ ಒಣಗುವಾಗ ಅಕಾಲದ ಮೋಡ ಕಂಡರೆ ಸಾಕು, ಆಚೆಮನೆಯವರು ಬುಟ್ಟಿ ಹಿಡಿದು ಓಡಿ ಬರುತ್ತಿದ್ದರು. ಅವರ ಅಂಗಳಕ್ಕೆ ನಾವು ಓಡುತ್ತಿದ್ದೆವು. ಯಾರು ಕೊಟ್ಟದ್ದು, ಯಾರು ತಗೊಂಡದ್ದು ಅಂತ ಲೆಕ್ಕ ಹಾಕಲು ಪುರುಸೊತ್ತೇ ಇರಲಿಲ್ಲ. ಮದುವೆ, ಪೂಜೆಯಂಥ ಜಂಬರದ ಮನೆಯಲ್ಲಿ ಹಿಂದಿನ ರಾತ್ರಿ ತರಕಾರಿ ಕೊರೆಯಲು ಊರೇ ಸೇರುತ್ತಿತ್ತು. ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸುವುದು ನಮ್ಮಂಥ ಮಕ್ಕಳ ಕೆಲಸ. ಎಲೆಯ ತುದಿಗೆ ಸರಿಯಾಗಿ ಬೀಳದಿದ್ದರೆ ಬೈಗಳೂ ಸಿಗುತ್ತಿತ್ತು. ಬಡಿಸಿ ಮುಗಿದ ಮೇಲೆ ಅದೇ ಪಂಕ್ತಿಯಲ್ಲಿ ಕೂತು ನಾವೂ ಬಡಿಸಿಸಿಕೊಳ್ಳುತ್ತಿದ್ದೆವು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಯಾರು ಯಾವ ಪಂಕ್ತಿಯಲ್ಲಿ ಕೂರಬಹುದು ಅನ್ನುವ ಕೆಟ್ಟ ಲೆಕ್ಕ ಆಗಲೂ ಇತ್ತು. ಆದರೂ ಬರೀ ಕೊಡುವವನಾಗಿಯೇ ಬೆಳೆದ ಮಗುವಿಗೆ ಪಕ್ಕದವನು ಸಮನಾಗಿ ಕಾಣುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಈ ಹುಡುಗನಿಗೆ ಅದು ನನಗಿಂತ ಮೊದಲೇ ಗೊತ್ತಾಗಿತ್ತು, ಅಷ್ಟೇ.

ತಾಯಿ ಇನ್ನೊಂದು ವಿಷಯ ಒಪ್ಪಿಕೊಂಡರು. ಚೀಲ ಹಂಚಿದರೆ ಫುಟ್ಬಾಲ್ ಕೊಡಿಸುತ್ತೇನೆ ಅಂದಿದ್ದರಂತೆ. ಇದು ತುಂಬಾ ಮನೆಗಳಲ್ಲಿ ಇದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಾಸೆಲ್ಲೊ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಒಂದೂವರೆ ವರ್ಷದ ಕೂಸುಗಳನ್ನು ಗಮನಿಸಿದರು. ದೊಡ್ಡವರ ಕೈಯಿಂದ ವಸ್ತು ಜಾರಿ ಬಿದ್ದರೆ ಯಾರೂ ಹೇಳದೆ ಹೋಗಿ ಎತ್ತಿಕೊಡುವ ಕೂಸುಗಳು ಬೇಕಾದಷ್ಟಿದ್ದವು. 2008ರಲ್ಲಿ ಅವರೇ ಇನ್ನೊಂದು ಪರೀಕ್ಷೆ ಮಾಡಿದರು. ಎತ್ತಿಕೊಟ್ಟದ್ದಕ್ಕೆ ಪ್ರತಿ ಸಲ ವಸ್ತುವಿನ ಬಹುಮಾನ ಪಡೆದ ಮಕ್ಕಳು, ಆಮೇಲೆ ಬಹುಮಾನ ನಿಂತಾಗ ಬೇರೆ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಹೊಗಳಿಸಿಕೊಂಡವರಿಗೂ ಏನೂ ಸಿಗದವರಿಗೂ ಹಾಗಾಗಲಿಲ್ಲ. ಹಾಗಾಗಿ ಫುಟ್ಬಾಲ್ ಕೊಡಿಸಿ, ಆಡಲಿಕ್ಕೆ ಅಂತ ಕೊಡಿಸಿ ಅಂದೆ.

ಎರಡು ದಿನ ಬಿಟ್ಟು ಅಪ್ಪನ ಫೋನು ಬಂತು. ಸಿಟ್ಟಿನಲ್ಲಿದ್ದರು. "ಫೋಟೋ ನೋಡಿ ಇನ್ನು ನಾಲ್ಕು ಜನ ಕೊಡ್ತಾರೆ. ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಮಕ್ಕಳ ಫೋಟೋ ಹೊರಗೆ ಬಾರದಿದ್ದರೆ ಯಾರು ಕೇಳ್ತಿದ್ದರು?"

ಅವರ ಮಾತಿನಲ್ಲಿ ಸತ್ಯ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿಯುವುದು ನಿಂತದ್ದು 2000ರ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಆ ದಾರಿಯಲ್ಲಿ, ವಿಷದಿಂದ ನರಳಿದ ನಮ್ಮ ಜಿಲ್ಲೆಯ ಪಡ್ರೆಯ ಕಡೆಯ ಮಕ್ಕಳ ಚಿತ್ರಗಳು ಸಾಕ್ಷಿ ಹೇಳಿವೆ. ಆ ಚಿತ್ರಗಳಿಗೆ ಒಂದು ಕೆಲಸವಿತ್ತು. ಮೊಬೈಲಿನ ಸ್ಟೇಟಸ್ಸಿಗೆ ಹಾಕುವ ಚಿತ್ರಕ್ಕೆ ಯಾವ ಕೆಲಸ? ಅದನ್ನೇ ಕೇಳಿದೆ. ಹುಟ್ಟುಹಬ್ಬಕ್ಕೆ ಬಾಲಮಂದಿರಕ್ಕೆ ಹೋಗಿ ಸೆಲ್ಫಿ ತೆಗೆಯುವವರಿಗೂ ನಾನು ಇದನ್ನೇ ಹೇಳುವುದು. ಅಲ್ಲಿನ ಮಕ್ಕಳ ಗುರುತು ಬಯಲಾಗಬಾರದು ಅಂತಲೇ 2015ರ ಬಾಲನ್ಯಾಯ ಕಾಯ್ದೆಯಲ್ಲಿ 74ನೇ ಸೆಕ್ಷನ್ ಇದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನನಗೆ ಅಂಗಿ ಕೊಟ್ಟ ಮನೆಯ ಹುಡುಗನೂ ನನ್ನ ಕ್ಲಾಸಿನವನೇ. ಅವನು ಗುರುತು ಹಿಡಿದು ಎಲ್ಲರಿಗೂ ಹೇಳಿದ. ಆದ್ರೂ ಅಂಗಿ ಇಲ್ಲದೆ ಹೋಗುವುದಕ್ಕಿಂತ ಅದೇ ಮೇಲಲ್ವಾ ಡಾಕ್ಟ್ರೇ?" ನಾನು ಡಾಕ್ಟರಲ್ಲ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಫೋಟೋ ನಿಲ್ಲಿಸಲು ಒಪ್ಪಿದರು. ಸಾಲಿನ ವಿಷಯ ಊರಿಗೆ ಬಂದ ಮೇಲೆ ನೋಡುವ ಅಂದರು.

ಇನ್ನು ಹುಡುಗ ಏನು ಕೇಳಬೇಕು? ಅದನ್ನು ಅವನೇ ಹುಡುಕಿದ. ಅವನಿಗೆ ಮಲಯಾಳ ಅಕ್ಷರ ತಡವರಿಸುತ್ತದೆ. ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಗೆಳೆಯನ ಅಮ್ಮ ಪಯ್ಯನ್ನೂರು ಕಡೆಯವರು, ಅವನಿಗೆ ಮಲಯಾಳ ನೀರು ಕುಡಿದಷ್ಟು ಸುಲಭ. "ಕಲಿಸ್ತೀಯಾ ಅಂತ ಕೇಳ್ಲಾ?" ಅಂದ. ಕೇಳು ಅಂದೆ. "ಇಲ್ಲ ಅಂದ್ರೆ?" ಅಂದ. ಇಲ್ಲ ಅನ್ನುವ ಹಕ್ಕು ಅವನಿಗೆ ಇದೆಯಲ್ಲ, ಅಂದೆ.

ಕ್ರಿಸ್ಮಸ್ ರಜೆಯಲ್ಲಿ ಮತ್ತೆ ಬಂದರು. ರಬ್ಬರಿನ ವಿಷಯ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆದರೆ ಒಂದು ದೊಡ್ಡ ದೂರು ತಂದಿದ್ದ. ಗೆಳೆಯ ಕಲಿಸಲು ಒಪ್ಪಿದ್ದಾನೆ, ಸುಮ್ನೆ ಅಲ್ಲ. ಹತ್ತು ಅಕ್ಷರಕ್ಕೆ ಒಂದು ಪೇರಳೆ. ಇವರ ಬಾವಿಕಟ್ಟೆಯ ಹತ್ತಿರದ ಮರದ್ದೇ ಆಗಬೇಕು.

"ಮೊನ್ನೆ ಕೊಟ್ಟದ್ದರಲ್ಲಿ ಹುಳ ಇತ್ತಂತೆ," ಅಂದ. ಮುಖ ಕೆಂಪಾಗಿತ್ತು. "ವಾಪಸ್ ನನ್ನ ಕೈಗೇ ಕೊಟ್ಟ. ಇದು ಬೇಡ, ಬೇರೆ ತಾ ಅಂತಾನೆ!"