ಈರುಳ್ಳಿ ಬೇರಿನ ಸ್ಲೈಡಿನಲ್ಲಿ ವಿಭಜನೆಯಾಗುತ್ತಿರುವ ಕೋಶಗಳೇ ಸಿಗುತ್ತಿಲ್ಲ, ಏಕೆ?

ಸಾಮಾನ್ಯವಾಗಿ ಎಡವುವುದು ಕತ್ತರಿಸುವಲ್ಲೇ. ವಿಭಜನೆ ಹೆಚ್ಚಾಗಿ ನಡೆಯುವುದು ಬೇರಿನ ತುದಿಯ 1–2 ಮಿ.ಮೀ.ನಲ್ಲಿ, ಬಣ್ಣ ಹಾಕಿದಾಗ ಗಾಢವಾಗಿ ಕೆಂಪಾಗುವ ಭಾಗ ಅದೇ. ಅದರ ಮೇಲಿರುವವು ಬರೀ ಉದ್ದವಾಗುತ್ತಿರುವ ಕೋಶಗಳು, ಬ್ಲೇಡಿನಿಂದ ಕತ್ತರಿಸಿ ಎಸೆಯಿರಿ.

ಎಳೆಯ ಬೇರನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ 24 ಗಂಟೆ ಇಡಿ. ಬಳಿಕ 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5–8 ನಿಮಿಷ. ಅವಸರದಲ್ಲಿ ಈ ಬಿಸಿ ಆಮ್ಲದ ಹಂತ ಬಿಟ್ಟರೆ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲವಾಗದೆ ಎಲ್ಲವೂ ಒಂದರ ಮೇಲೊಂದು ಗುಡ್ಡೆಯಾಗಿ ಕೂರುತ್ತವೆ. ಆಮೇಲೆ ಎಷ್ಟು ಒತ್ತಿದರೂ ಅಷ್ಟೇ!

ಕ್ರೋಮೋಸೋಮ್‌ಗಳಿಗೆ ಕೆಂಪು ಬಣ್ಣ ಕೊಡುವ ಅಸಿಟೋಕಾರ್ಮಿನ್ ಹಾಕಿ, ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಕಾಗದವಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ. ಚೆನ್ನಾಗಿ ಹರಡಿದ ಮೆಟಾಫೇಸ್ (ಕ್ರೋಮೋಸೋಮ್‌ಗಳು ಕೋಶದ ನಡುವೆ ಸಾಲುಗೂಡುವ ವಿಭಜನೆಯ ಹಂತ) ಸಿಕ್ಕರೆ 16 ಕ್ರೋಮೋಸೋಮ್‌ಗಳನ್ನು ಎಣಿಸಬಹುದು.